ಒಂಬತ್ತು ಹಾಡು, ಒಂದು ಗಿಟಾರ್: ಮೂರು ಬಗೆಯ ಧ್ವನಿಮುದ್ರಣದ ಹೋಲಿಕೆ

ಕಡಲೆಕಾಯಿ ಪರಿಷೆಯ ಜನಸಂದಣಿಯಲ್ಲಿ ಮೊದಲ ಬಾರಿ ಕೈ ಹಿಡಿದ ಸಂಜೆಯಿಂದ ಮೆಜೆಸ್ಟಿಕ್ ನಿಲ್ದಾಣದಲ್ಲಿ ಅವಳ ಬಸ್ಸು ಹೊರಟ ರಾತ್ರಿಯವರೆಗಿನ ಐದು ವರ್ಷಗಳು ನನ್ನಲ್ಲಿ ಒಂಬತ್ತು ಹಾಡುಗಳಾಗಿ ಉಳಿದಿದ್ದವು. ಅವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆಯಾಗಿ ಕೇಳಬಹುದಾದ ಕನ್ನಡ ರಾಕ್ ಆಲ್ಬಮ್ ಮಾಡಬೇಕು, ಅದರಲ್ಲಿ ನನ್ನ ದನಿ ಮತ್ತು ಒಂದು ಅಕೌಸ್ಟಿಕ್ ಗಿಟಾರ್ ಬಿಟ್ಟು ಬೇರೇನೂ ಇರಬಾರದು ಎಂದು ನಿಶ್ಚಯಿಸಿದ್ದೆ. ಡ್ರಮ್ಸ್ ಮತ್ತು ಬೇಸ್ ಇಲ್ಲದ ಆಲ್ಬಮ್‌ನಲ್ಲಿ ಉಸಿರು, ತಡವರಿಕೆ, ತಂತಿಯ ಮೇಲೆ ಬೆರಳು ಜಾರುವ ಸದ್ದು ಎಲ್ಲವೂ ಕಥೆಯ ಭಾಗವೇ ಆಗುತ್ತವೆ. ಆದ್ದರಿಂದ ಅದೇ ಹಾಡುಗಳನ್ನು ಮೂರು ಬಗೆಯಲ್ಲಿ ಪೂರ್ತಿಯಾಗಿ ಧ್ವನಿಮುದ್ರಿಸಿ, ಅಕ್ಕಪಕ್ಕದಲ್ಲಿಟ್ಟು ಕೇಳಿದೆ.

ಮೊದಲನೆಯದು ದಕ್ಷಿಣ ಬೆಂಗಳೂರಿನಲ್ಲಿ ಗಂಟೆಯ ಲೆಕ್ಕಕ್ಕೆ ಸಿಗುವ ಒಂದು ಸ್ಟುಡಿಯೊ. ಅಲ್ಲಿನ ಕ್ರಮದಂತೆ ಹೆಡ್‌ಫೋನ್‌ನಲ್ಲಿ ಕ್ಲಿಕ್, ಅಂದರೆ ತಾಳದ ಗತಿ ತಪ್ಪದಂತೆ ಸಮನಾಗಿ ಬಡಿಯುವ ಸದ್ದು ಕೇಳುತ್ತಾ ಮೊದಲು ಗಿಟಾರ್ ನುಡಿಸಿ, ಆಮೇಲೆ ಅದರ ಮೇಲೆ ಹಾಡಿದೆ. ಇದರ ಲಾಭಗಳು ಸಣ್ಣವಲ್ಲ. ತಪ್ಪಿದ ಒಂದೇ ಪದವನ್ನು ಮತ್ತೆ ಹಾಡಬಹುದು, ಗಿಟಾರನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡಬಹುದು, ದನಿಯ ಹಿಂದೆ ಯಾವ ಸದ್ದೂ ಇರುವುದಿಲ್ಲ. ಆದರೆ ಕನ್ನಡದ ಸಾಲು ಕ್ಲಿಕ್‌ಗೆ ಸುಲಭವಾಗಿ ಒಗ್ಗಲಿಲ್ಲ. ಮೂರನೆಯ ಹಾಡಿನಲ್ಲಿ "ಹೊತ್ತು ಮುಳುಗಿತು, ನೀನು ಬರುವೆಯ" ಎಂಬ ಸಾಲಿದೆ. ಮಾತ್ರೆ ಎಣಿಸಿದರೆ ಇದು ಮೂರು, ನಾಲ್ಕು, ಮೂರು, ನಾಲ್ಕು. ಅಂದರೆ ಭಾಮಿನಿ ಷಟ್ಪದಿಯ ನಡಿಗೆ. ನಾನು ಬೇಕೆಂದು ಹಾಗೆ ಬರೆದದ್ದಲ್ಲ, ಬಾಯಿಗೆ ಬಂದದ್ದೇ ಹಾಗೆ. ಇದನ್ನು ರಾಕ್‌ನ ನಾಲ್ಕರ ತಾಳದಲ್ಲಿ ಕೂರಿಸಬೇಕಾದರೆ "ಹೊತ್ತು" ಮತ್ತು "ನೀನು" ಎಂಬ ಪದಗಳನ್ನು ಒಂದೊಂದು ಮಾತ್ರೆಯಷ್ಟು ಎಳೆಯಬೇಕು. ಕ್ಲಿಕ್ ಇದ್ದಾಗ ಎರಡೂ ಎಳೆತಗಳು ಅಳತೆಕೋಲು ಹಿಡಿದಂತೆ ಸಮನಾಗಿ ಬಂದವು. ಕಾಯುತ್ತಿರುವವನ ಮಾತಿನಲ್ಲಿ ಮೊದಲ ಎಳೆತಕ್ಕಿಂತ ಎರಡನೆಯದು ಉದ್ದವಾಗಿರಬೇಕು, ಏಕೆಂದರೆ "ನೀನು" ಎಂದ ಮೇಲೆ ಅವನಿಗೆ ಮುಂದಿನ ಪದ ಹೇಳಲು ಭಯ. ಸ್ಟುಡಿಯೊ ಪ್ರತಿಯಲ್ಲಿ ಆ ಭಯ ಇರಲಿಲ್ಲ.

ಎರಡನೆಯ ಪ್ರಯೋಗ ನಾನು ವಾಸವಿರುವ, ಸೌತ್ ಎಂಡ್ ವೃತ್ತದ ಹತ್ತಿರದ ಮನೆಯ ಕೋಣೆಯಲ್ಲಿ. ಒಂದೇ ಒಂದು ಕಂಡೆನ್ಸರ್ ಮೈಕ್, ಅದಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು (ಫ್ಯಾಂಟಮ್ ಪವರ್) ಕೊಟ್ಟು ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಎರಡು ಚಾನೆಲ್‌ಗಳ ಇಂಟರ್‌ಫೇಸ್, ಹಾಡು ಮತ್ತು ಗಿಟಾರ್ ಒಟ್ಟಿಗೆ, ಕ್ಲಿಕ್ ಇಲ್ಲ. ಈ ಮೈಕ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಪಕ್ಕದ ಮನೆಯ ಕುಕ್ಕರಿನ ಸೀಟಿ ಮಾತ್ರವಲ್ಲ, 2017ರಿಂದ ನಮ್ಮ ಕಡೆ ಎತ್ತರದ ಹಳಿಯ ಮೇಲೆ ಓಡುತ್ತಿರುವ ಮೆಟ್ರೊ ರೈಲಿನ ಗುಡುಗು ಕೂಡ ಹಾಡಿನೊಳಗೆ ಬಂತು. ಅದರಲ್ಲಿ ಹೆಚ್ಚಿನ ಪಾಲು 80 ಹರ್ಟ್ಸ್‌ಗಿಂತ (ಸೆಕೆಂಡಿಗೆ 80 ಕಂಪನ) ಕೆಳಗಿನ ಸದ್ದನ್ನು ಕತ್ತರಿಸುವ ಫಿಲ್ಟರ್‌ನಿಂದ ಹೋಗುತ್ತದೆ. ಉಳಿದದ್ದಕ್ಕಾಗಿ ರೈಲು ನಿಂತ ಮೇಲೆ, ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಹಾಡಿದೆ. ನಾಲ್ಕೂವರೆಗೆಲ್ಲ ಕೋಗಿಲೆ ಆರಂಭಿಸುತ್ತಿತ್ತು.

ಕೋಣೆಯ ಗೋಡೆಗಳ ವಿಷಯದಲ್ಲಿ ನಾನು ಕಲಿತದ್ದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹತ್ತು ಅಡಿಯ ಕೋಣೆ ಸಾಮಾನ್ಯ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನಲ್ಲಿ ಮೊದಲ ಅನುರಣನವೂ (ಗೋಡೆಗಳ ನಡುವೆ ಪುಟಿಯುತ್ತಾ ಸದ್ದು ಉಬ್ಬುವುದು) ಅದರ ಎರಡರಷ್ಟು, ಅಂದರೆ ಸುಮಾರು 113 ಹರ್ಟ್ಸ್‌ನಲ್ಲಿ ಎರಡನೆಯದೂ ಏಳುತ್ತದೆ. ಗಿಟಾರಿನ ಐದನೆಯ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ಸ್ವರ 110 ಹರ್ಟ್ಸ್. ಕೋಣೆಯ ನಡುವೆ ಕುಳಿತು ನುಡಿಸಿದಾಗ ಆ ಒಂದು ತಂತಿ ಮಾತ್ರ ಹಂಡೆಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿದ್ದದ್ದು ಇದೇ ಕಾರಣಕ್ಕೆ. ಎರಡನೆಯ ಅನುರಣನದ ಒತ್ತಡ ಗೋಡೆಯಿಂದ ಕೋಣೆಯ ಅಳತೆಯ ಕಾಲು ಭಾಗದ ದೂರದಲ್ಲಿ ಅತ್ಯಂತ ಕಡಿಮೆ ಇರುವುದರಿಂದ, ಕುರ್ಚಿಯನ್ನೂ ಮೈಕನ್ನೂ ಗೋಡೆಯಿಂದ ಎರಡೂವರೆ ಅಡಿಗೆ ಸರಿಸಿದೆ, ಗುಂಯ್‌ಗುಡುವಿಕೆ ಬಹಳಷ್ಟು ತಗ್ಗಿತು. ಹತ್ತಿಯ ಹಾಸಿಗೆಯನ್ನು ಹಿಂದಿನ ಗೋಡೆಗೆ ಒರಗಿಸಿದ್ದು ಮೇಲಿನ ಸ್ವರಗಳ ಪ್ರತಿಧ್ವನಿಗೆ ಉಪಯೋಗವಾಯಿತೇ ಹೊರತು ಈ ಕೆಳಗಿನ ಸ್ವರಕ್ಕೆ ಅಲ್ಲ.

ಒಂದೇ ಮೈಕಿನ ಪ್ರತಿಯಲ್ಲಿ ಕಾಯುವವನ ಭಯ ಮರಳಿ ಬಂದಿತ್ತು. ತೊಂದರೆ ಬೇರೆಡೆ ಇತ್ತು. ದನಿ ಮತ್ತು ಗಿಟಾರಿನ ಪ್ರಮಾಣವನ್ನು ಮೈಕಿನ ಎತ್ತರವೇ ನಿರ್ಧರಿಸುತ್ತದೆ, ಆಮೇಲೆ ಬದಲಿಸಲು ಆಗುವುದಿಲ್ಲ. ಜೋರಾಗಿ ಬಾರಿಸುವ ನಾಲ್ಕು ಹಾಡುಗಳಲ್ಲಿ ಪದಗಳು ಮುಳುಗಿದವು. ಪದಗಳೇ ಕಥೆಯಾಗಿರುವ ಆಲ್ಬಮ್‌ನಲ್ಲಿ ಇದನ್ನು ಒಪ್ಪಲಾಗದು.

ಹಾಗಾಗಿ ಮೂರನೆಯ ಬಗೆ: ಅದೇ ಕುರ್ಚಿ, ಅದೇ ರಾತ್ರಿಯ ಹೊತ್ತು, ಆದರೆ 8ರ ಆಕಾರದಲ್ಲಿ ಕೇಳುವ ಎರಡು ಮೈಕ್‌ಗಳು. ಈ ಬಗೆಯ ಮೈಕ್ ಮುಂದೆಯೂ ಹಿಂದೆಯೂ ಕೇಳಿಸಿಕೊಳ್ಳುತ್ತದೆ, ಎರಡು ಪಕ್ಕಗಳಿಂದ ಬರುವುದನ್ನು ಬಹುತೇಕ ಕೇಳಿಸಿಕೊಳ್ಳುವುದಿಲ್ಲ. ಗಿಟಾರಿನ ಮೈಕಿನ ಕಿವುಡು ಪಕ್ಕವನ್ನು ಬಾಯಿಯ ಕಡೆಗೂ ದನಿಯ ಮೈಕಿನ ಕಿವುಡು ಪಕ್ಕವನ್ನು ಗಿಟಾರಿನ ಕಡೆಗೂ ತಿರುಗಿಸಿದರೆ, ಒಟ್ಟಿಗೆ ಹಾಡಿದರೂ ಎರಡನ್ನೂ ಸಾಕಷ್ಟು ಬೇರೆಯಾಗಿ ಪಡೆಯಬಹುದು. ಮೊದಲು ಮುಖ್ಯವಾಗಿ ಮುಂದಿನಿಂದ ಬರುವುದನ್ನು ಕೇಳಿಸಿಕೊಳ್ಳುವ ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್‌ಗಳಿಂದ ಇದನ್ನೇ ಪ್ರಯತ್ನಿಸಿ ಸೋತಿದ್ದೆ. ಗಿಟಾರಿನ ಮೈಕ್ ಬಾಯಿಯಿಂದ ದನಿಯ ಮೈಕಿಗಿಂತ 30 ಸೆಂಟಿಮೀಟರ್ ಹೆಚ್ಚು ದೂರದಲ್ಲಿದ್ದರೆ ದನಿ ಅದಕ್ಕೆ ಸೆಕೆಂಡಿನ ಸಾವಿರದ ಒಂದಂಶಕ್ಕಿಂತ ತುಸು ಕಡಿಮೆ ತಡವಾಗಿ ತಲುಪುತ್ತದೆ, ಎರಡನ್ನೂ ಬೆರೆಸಿದಾಗ ಸುಮಾರು 570 ಹರ್ಟ್ಸ್‌ನ ಸುತ್ತ ದನಿ ಟೊಳ್ಳಾಗುತ್ತದೆ. 8ರ ಆಕಾರದ ಮೈಕ್‌ಗಳ ಕೋನವನ್ನು ಸರಿಪಡಿಸಲು ಎರಡು ರಾತ್ರಿ ಹಿಡಿದರೂ ನನ್ನ ತೀರ್ಪಿನಲ್ಲಿ ಇದೇ ಅತ್ಯುತ್ತಮ. ಪದಗಳು ಸ್ಪಷ್ಟವಾಗಿವೆ, ದನಿ ನಿಧಾನಿಸಿದ ಕಡೆ ಕೈಯೂ ನಿಧಾನಿಸುತ್ತದೆ. ಒಂದು ಪದವನ್ನು ತಿದ್ದಬೇಕಾದರೆ ಇಡೀ ಚರಣವನ್ನು ಮತ್ತೆ ಹಾಡಬೇಕು, ಆ ಬೆಲೆಯನ್ನು ಸಂತೋಷದಿಂದ ಕೊಟ್ಟೆ.

ಶ್ರುತಿಯ ವಿಷಯದಲ್ಲೂ ಎರಡು ದಾರಿಗಳನ್ನು ಹೋಲಿಸಿದೆ. ಒಂಬತ್ತೂ ಹಾಡುಗಳನ್ನು ಗಿಟಾರಿನ ಸಾಮಾನ್ಯ ಶ್ರುತಿಯಲ್ಲಿ ಇಡುವುದು ಒಂದು. ಸಂಬಂಧ ಸಡಿಲವಾಗುವ ಐದನೆಯ ಹಾಡಿನಿಂದ ಮುಂದೆ ಮೊದಲನೆಯ, ಎರಡನೆಯ ಮತ್ತು ಆರನೆಯ ತಂತಿಗಳನ್ನು ಎರಡೆರಡು ಮನೆಯಷ್ಟು (ಫ್ರೆಟ್) ಇಳಿಸಿ ಡಿ-ಎ-ಡಿ-ಜಿ-ಎ-ಡಿ ಮಾಡುವುದು ಇನ್ನೊಂದು. ನಮ್ಮ ಲೆಕ್ಕದಲ್ಲಿ ಇದು ಸ, ಪ, ಸ, ಮ, ಪ, ಸ. ಒತ್ತದೆ ಬಿಟ್ಟ ತಂತಿಗಳಲ್ಲಿ ಗಾಂಧಾರವೇ ಇಲ್ಲ, ಆದ್ದರಿಂದ ನಾದ ತಂಬೂರಿಯಂತೆ ತುಂಬಿಕೊಂಡರೂ ಅದು ಹರ್ಷದ್ದೋ ದುಃಖದ್ದೋ ಎಂದು ಹೇಳಲಾಗುವುದಿಲ್ಲ. ಆ ವರ್ಷ ನಮ್ಮಿಬ್ಬರಿಗೂ ಹಾಗೆಯೇ ಇತ್ತು. ದನಿ ಗಾಂಧಾರವನ್ನು ಮುಟ್ಟಿದಾಗ ಮಾತ್ರ ಹಾಡು ಒಂದು ಕಡೆಗೆ ವಾಲುತ್ತದೆ. ಎರಡನೆಯ ದಾರಿಯನ್ನೇ ಹಿಡಿದೆ. ಹಾಡುಗಳ ಅನುಕ್ರಮದಲ್ಲಿ ಅಂತ್ಯದಿಂದ ಆರಂಭಿಸಿ ನೋಡಿದ್ದೂ ಉಂಟು, ಆದರೆ ಬಸ್ಸು ಹೋದದ್ದು ಮೊದಲೇ ತಿಳಿದರೆ ಪರಿಷೆಯ ಹಾಡಿನ ಸಂತೋಷವನ್ನು ಕೇಳುಗರು ನಂಬುವುದಿಲ್ಲ.

ಸ್ಟುಡಿಯೊ ಪ್ರತಿ ಗೆದ್ದ ಹಾಡು ಒಂದಿದೆ, ಆರನೆಯದು. ಇಬ್ಬರೂ ಜಗಳವಾಡುವುದನ್ನೂ ನಿಲ್ಲಿಸಿ, ಗಡಿಯಾರ ನೋಡಿಕೊಂಡು ಫೋನ್ ಮಾಡುತ್ತಿದ್ದ ದಿನಗಳ ಹಾಡು ಅದು. ಅಲ್ಲಿ ಕ್ಲಿಕ್‌ನ ನಿರ್ದಯ ಸಮತೆಯೇ ಅರ್ಥ, ಮನೆಯಲ್ಲಿ ಎಷ್ಟು ಸಲ ಹಾಡಿದರೂ ದನಿ ಬೇಡದ ಕಡೆ ಕರಗುತ್ತಿತ್ತು. ಆದರೆ ಎಂಟು ಹಾಡುಗಳ ನಡುವೆ ಇದೊಂದು ಬೇರೆ ಊರಿನಿಂದ ಬಂದಂತೆ ಕೇಳಿಸಿತು. ಕೃತಕ ರಿವರ್ಬ್ (ಕೋಣೆಯ ಪ್ರತಿಧ್ವನಿಯ ಅನುಕರಣೆ) ಹಾಕಿ ನೋಡಿದೆ, ಹೊಂದಲಿಲ್ಲ. ಕೊನೆಗೆ ನಾನು ಕೂರುತ್ತಿದ್ದ ಕುರ್ಚಿಯ ಮೇಲೆ ಸ್ಪೀಕರ್ ಇಟ್ಟು, ನಡುರಾತ್ರಿ ಆ ಹಾಡನ್ನು ಅದರಲ್ಲಿ ನುಡಿಸಿ, ಕೋಣೆಯಲ್ಲಿ ಹರಡಿದ ನಾದವನ್ನು ಅದೇ ಮೈಕ್‌ಗಳಿಂದ ಹಿಡಿದು ಮೂಲದ ಅಡಿಯಲ್ಲಿ ತೆಳುವಾಗಿ ಬೆರೆಸಿದೆ. ಈಗ ಆರನೆಯ ಹಾಡು ಅದೇ ಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು ಹಾಡಿದಂತೆ ಕೇಳಿಸುತ್ತದೆ.