ಆರು ಸಾವಿರ ಫೋಟೋ, ಒಂದೇ ಭಾನುವಾರ: ಎಕ್ಸ್‌ಪ್ಲೋರರ್, ಫೈಂಡರ್, ಎಕ್ಸಿಫ್‌ಟೂಲ್, ಡಿಜಿಕ್ಯಾಮ್ ಹೋಲಿಕೆ

ಹೋದ ವರ್ಷ ಮನೆಯ ಫೋಟೋಗಳನ್ನೆಲ್ಲ ಒಂದು ಹೊಸ ಹಾರ್ಡ್‌ಡಿಸ್ಕಿಗೆ ಹಾಕಲು ಕೂತೆ. ಹಳೇ ಕ್ಯಾಮೆರಾದ್ದು, ಮೂರು ಫೋನುಗಳದ್ದು, ಅಪ್ಪನ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿಸಿದ್ದು, ಎಲ್ಲ ಸೇರಿ ಆರು ಸಾವಿರದ ಹತ್ತಿರ. ನಕಲು ಮುಗಿಯಿತು. 'ಸೃಷ್ಟಿಯಾದ ದಿನ'ದ ಪ್ರಕಾರ ಜೋಡಿಸಿ ನೋಡಿದರೆ ಅಜ್ಜಿಯ ಮದುವೆ, ಮಗಳ ನಾಮಕರಣ, ಮೊನ್ನೆ ತಿಂದ ಮಸಾಲೆ ದೋಸೆ, ಎಲ್ಲವೂ ಒಂದೇ ಭಾನುವಾರ ನಡೆದಿದ್ದವು!

ಇದು ಕಂಪ್ಯೂಟರಿನ ತಪ್ಪಲ್ಲ. ವಿಂಡೋಸ್‌ನಲ್ಲಿ ಫೈಲ್ ನಕಲು ಮಾಡಿದರೆ 'ಸೃಷ್ಟಿಯಾದ ದಿನ' ಅಂದರೆ ಆ ನಕಲು ಹುಟ್ಟಿದ ದಿನ. 'ಬದಲಾದ ದಿನ' ಮಾತ್ರ ಹಳೆಯದೇ ಉಳಿಯುತ್ತದೆ. ಹಾಗಾಗಿ ಹುಟ್ಟುವ ಮೊದಲೇ ಬದಲಾದ ಫೈಲುಗಳು ಸಿಗುತ್ತವೆ. ಲಿನಕ್ಸ್‌ನಲ್ಲಿ ನಕಲು ಮಾಡುವ ಸಿಪಿ ಕಮಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ. ಸುಮ್ನೆ ಬಳಸಿದರೆ ಬದಲಾದ ದಿನವನ್ನೂ ಇವತ್ತಿಗೆ ತಂದು ಕೂರಿಸುತ್ತದೆ, ಮೈನಸ್ ಎ ಸೇರಿಸಬೇಕು. ಮ್ಯಾಕ್‌ನಲ್ಲಿ ಫೈಲುಗಳನ್ನು ನೋಡುವ ಫೈಂಡರ್ ಎರಡನ್ನೂ ಹಾಗೇ ಉಳಿಸುತ್ತದೆ. ಈ ವಿಷಯದಲ್ಲಿ ಅದೇ ಮರ್ಯಾದಸ್ಥ.

ಅಪ್ಪ ಕೆಲವು ಫೋಟೋಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಊರು, ತಿಂಗಳು ಬರೆದಿದ್ದರು. ಕೆಲವಕ್ಕೆ ಕವರಿನ ಮೇಲೆ ಬರೆದಿದ್ದರು. ಮನೆ ಬದಲಾಯಿಸುವಾಗ ಕವರುಗಳು ರದ್ದಿಗೆ ಹೋದವು, ಬೆನ್ನಿನ ಬರಹ ಉಳಿಯಿತು. ಫೈಲುಗಳಲ್ಲೂ ಇದೇ ಕಥೆ. ಸೃಷ್ಟಿ, ಬದಲಾವಣೆ, ಹಿಡನ್, ರೀಡ್-ಓನ್ಲಿ ಇವೆಲ್ಲ ಡಿಸ್ಕಿನ ಲೆಕ್ಕಪುಸ್ತಕದಲ್ಲಿ ಇರುತ್ತವೆ, ಅಂದರೆ ಕವರಿನ ಮೇಲೆ. ತೆಗೆದ ದಿನ, ಸಮಯದಂಥ ವಿವರವಾಗಿ ಕ್ಯಾಮೆರಾ ಬರೆಯುವ ಎಕ್ಸಿಫ್, ಟ್ಯಾಗ್, ಟಿಪ್ಪಣಿ ಬರೆಯಲು ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಎಂಬ ಮಾದರಿ, ಇವು ಚಿತ್ರದ ಫೈಲಿನೊಳಗೇ ಇರುತ್ತವೆ, ಬೆನ್ನಿನ ಬರಹದ ಹಾಗೆ. ಆದ್ದರಿಂದ ಟ್ಯಾಗ್, ತಾರೀಕು ತಿದ್ದುವ ಪ್ರತಿ ಸಾಧನಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ನೀನು ಎಲ್ಲಿ ಬರೆಯುತ್ತೀಯಪ್ಪ?

ಪರೀಕ್ಷೆ ಸರಳ. ಶಿರಸಿ ಜಾತ್ರೆಯ ಒಂದು ಫೋಟೋ ತೆಗೆದುಕೊಂಡೆ. ಪ್ರತಿ ಸಾಧನದಲ್ಲೂ ಅದಕ್ಕೆ 'ಶಿರಸಿ ಜಾತ್ರೆ' ಅಂತ ಕನ್ನಡದಲ್ಲೇ ಟ್ಯಾಗ್ ಹಾಕಿದೆ. ಆಮೇಲೆ ಒಮ್ಮೆ ಪೆನ್‌ಡ್ರೈವ್ ಮೂಲಕ, ಒಮ್ಮೆ ಇಮೇಲ್ ಮೂಲಕ ಬೇರೆ ಕಂಪ್ಯೂಟರಿಗೆ ಕಳಿಸಿ, ಏನು ಉಳಿಯಿತು ಅಂತ ನೋಡಿದೆ.

ಮೊದಲು ಎಕ್ಸ್‌ಪ್ಲೋರರ್, ಅಂದರೆ ವಿಂಡೋಸ್‌ನಲ್ಲಿ ಫೈಲುಗಳನ್ನು ನೋಡುವ ಕಿಟಕಿ. ಫೈಲ್ ಆರಿಸಿ ಆಲ್ಟ್ ಮತ್ತು ಎಂಟರ್ ಒತ್ತಿದರೆ ಪ್ರಾಪರ್ಟೀಸ್ ತೆರೆಯುತ್ತದೆ. ಡೀಟೇಲ್ಸ್ ಅನ್ನುವ ಪುಟದಲ್ಲಿ ಶೀರ್ಷಿಕೆ, ಟ್ಯಾಗ್, ನಕ್ಷತ್ರ, ಫೋಟೋ ತೆಗೆದ ದಿನ ಎಲ್ಲವನ್ನೂ ಅಲ್ಲೇ ತಿದ್ದಬಹುದು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಜೇಪೆಗ್ ಫೈಲಾದರೆ ಬರೆದದ್ದು ಫೈಲಿನೊಳಗೇ ಹೋಗುತ್ತದೆ. ಕನ್ನಡಕ್ಕೆ ಒಂದು ತೊಂದರೆಯೂ ಆಗಲಿಲ್ಲ, ಒತ್ತಕ್ಷರ ಸಮೇತ ಪೆನ್‌ಡ್ರೈವ್ ಮತ್ತು ಇಮೇಲ್ ಎರಡನ್ನೂ ದಾಟಿ ಬಂತು. ಇಷ್ಟು ಚೆನ್ನಾಗಿರುತ್ತದೆ ಅಂತ ನಿಜಕ್ಕೂ ಅಂದುಕೊಂಡಿರಲಿಲ್ಲ.

ಎಡವಿದ್ದು ಎರಡು ಕಡೆ. ಸ್ಕ್ಯಾನ್ ಮಾಡಿದ ಚಿತ್ರಗಳು ಪಿಎನ್‌ಜಿ ರೂಪದಲ್ಲಿದ್ದವು. ಪಿಎನ್‌ಜಿಗೆ ಎಕ್ಸ್‌ಪ್ಲೋರರ್ ಟ್ಯಾಗ್ ಹಾಕಲು ಬಿಡುವುದಿಲ್ಲ. ಇನ್ನೊಂದು, ಇನ್ನೂರು ಫೋಟೋ ಒಟ್ಟಿಗೆ ಆರಿಸಿ ತಾರೀಕು ಬದಲಿಸಿದರೆ ಎಲ್ಲಕ್ಕೂ ಒಂದೇ ದಿನ ಕೂರುತ್ತದೆ. 'ಎಲ್ಲವನ್ನೂ ಇಷ್ಟು ದಿನ, ಇಷ್ಟು ಗಂಟೆ ಮುಂದಕ್ಕೆ ತಳ್ಳು' ಅನ್ನಲು ದಾರಿಯೇ ಇಲ್ಲ. ನನಗೆ ಬೇಕಾಗಿದ್ದು ಅದೇ. ಕ್ಯಾಮೆರಾದ ಬ್ಯಾಟರಿ ಸತ್ತು ಅದರ ಗಡಿಯಾರ 2013ರ ಜನವರಿ 1ಕ್ಕೆ ಹೋಗಿತ್ತು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಾವು ಹೋಗಿದ್ದು 2014ರದ್ದಕ್ಕೆ. ಕ್ಯಾಮೆರಾದ ಪ್ರಕಾರ ನಾವು ಜಾತ್ರೆಯೇ ಇಲ್ಲದ ವರ್ಷ ತೊಟ್ಟಿಲು ತಿರುಗಿ ಬಂದಿದ್ದೆವು.

ವಿಂಡೋಸ್ ಬಿಡುವ ಮುಂಚೆ ಆಟ್ರಿಬ್ ಬಗ್ಗೆ ಹೇಳಲೇಬೇಕು. ಫೈಲಿನ ಹಿಡನ್, ರೀಡ್-ಓನ್ಲಿಯಂಥ ಗುರುತುಗಳನ್ನು ಬದಲಿಸುವ, ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಕಮಾಂಡ್ ಇದು. ಒಂದು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದ ಪೆನ್‌ಡ್ರೈವ್ ತೆರೆದರೆ ನನ್ನ ಫೋಲ್ಡರುಗಳೆಲ್ಲ ಮಾಯ, ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಇದ್ದವು. ನಿಮಗೂ ಆಗಿರಬೇಕು, ಅಲ್ವಾ? ವೈರಸ್ ಫೋಲ್ಡರನ್ನು ಅಳಿಸಿರುವುದಿಲ್ಲ. ಅದಕ್ಕೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಗುರುತು ಹಚ್ಚಿ, ತಾನು ಆ ಹೆಸರಿನಲ್ಲಿ ಕೂತಿರುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಕಾಯ್ದಿಟ್ಟ ಸಿಸ್ಟಮ್ ಫೈಲುಗಳನ್ನು ತೋರಿಸುವಂತೆ ಮಾಡಿ ಫೋಲ್ಡರ್ ಹುಡುಕಿದೆ. ಸಿಕ್ಕಿತು. ಆದರೆ ಹಿಡನ್ ಅನ್ನುವ ಚೌಕ ಬೂದು ಬಣ್ಣಕ್ಕೆ ತಿರುಗಿತ್ತು, ಟಿಕ್ ತೆಗೆಯಲು ಬಿಡಲಿಲ್ಲ. ಸಿಸ್ಟಮ್ ಗುರುತು ಇರುವ ತನಕ ಅದು ಹಾಗೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ ಬರೆದು, ಮೈನಸ್ ಎಚ್, ಮೈನಸ್ ಎಸ್, ಜೊತೆಗೆ ಒಳಗಿನದಕ್ಕೂ ಅನ್ವಯವಾಗಲು ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಕೊಟ್ಟೆ. ಮೂರು ಸೆಕೆಂಡಿನಲ್ಲಿ ಎಲ್ಲ ವಾಪಸ್. ಈ ಒಂದು ಕೆಲಸದಲ್ಲಿ ಮೌಸ್ ಸೋತಿತು, ಕಮಾಂಡ್ ಗೆದ್ದಿತು. ಇನ್ನೊಂದು ಸಂಗತಿ: ಅದೇ ಪೆನ್‌ಡ್ರೈವನ್ನು ಮುಂದೊಮ್ಮೆ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿದಾಗ ಹೀಗೇ ಮರೆಯಾಗಿದ್ದ ಫೋಲ್ಡರುಗಳು ಏನೂ ಆಗದಂತೆ ಎದುರಿಗೇ ಇದ್ದವು. ಲಿನಕ್ಸ್‌ಗೆ ಹಿಡನ್ ಅಂದರೆ ಹೆಸರಿನ ಮುಂದೆ ಒಂದು ಚುಕ್ಕಿ. ಡಾಸ್‌ನ ಗುರುತಿಗೆ ಅದು ಕ್ಯಾರೇ ಅನ್ನುವುದಿಲ್ಲ.

ಫೋಲ್ಡರಿನ ರೀಡ್-ಓನ್ಲಿ ಚೌಕ ಎಷ್ಟು ಸಲ ತೆಗೆದರೂ ಮತ್ತೆ ಬರುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಫೋಲ್ಡರಿಗೆ ಬೀಗ ಹಾಕುವ ಗುರುತಲ್ಲ. ಫೋಲ್ಡರಿನ ವಿಶೇಷ ನೋಟವನ್ನು ನೆನಪಿಡಲು ವಿಂಡೋಸ್ ಅದನ್ನು ಬಳಸಿಕೊಳ್ಳುತ್ತದೆ, ಅಷ್ಟೆ.

ತಂಗಿಯ ಮ್ಯಾಕ್‌ಬುಕ್ಕಿನಲ್ಲಿ ಫೈಂಡರ್ ನೋಡಿದೆ. 2013ರಲ್ಲಿ ಬಂದ ಮ್ಯಾವರಿಕ್ಸ್ ಆವೃತ್ತಿಯಿಂದ ಅದರಲ್ಲಿ ಟ್ಯಾಗ್ ಇದೆ. ನೋಡಲು ಚೆಂದ, ಹಾಕಲು ಸುಲಭ, ಹುಡುಕಲು ಇನ್ನೂ ಸುಲಭ. ಯಾವ ಬಗೆಯ ಫೈಲಾದರೂ ಸರಿ, ಪಿಎನ್‌ಜಿ, ಪಿಡಿಎಫ್, ಖಾಲಿ ಫೋಲ್ಡರ್ ಕೂಡ. ಎಲ್ಲದಕ್ಕೂ ಹಾಕಬಹುದು ಅಂದಾಗಲೇ ಅನುಮಾನ ಬರಬೇಕಿತ್ತು. ಅದು ಬರೆಯುವುದು ಫೈಲಿನೊಳಗಲ್ಲ, ಡಿಸ್ಕ್ ಫೈಲಿಗೆ ಅಂಟಿಸುವ ಹೆಚ್ಚುವರಿ ಗುಣದಲ್ಲಿ. ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿದಾಗ ಪ್ರತಿ ಫೋಟೋ ಪಕ್ಕ ಚುಕ್ಕಿ, ಅಡಿಗೆರೆಯಿಂದ ಶುರುವಾಗುವ ಒಂದೊಂದು ಮರಿ ಫೈಲ್ ಹುಟ್ಟಿತು. ಟ್ಯಾಗ್ ಇದ್ದದ್ದು ಅದರಲ್ಲಿ. ವಿಂಡೋಸ್‌ನಲ್ಲಿ ಕಸ ಅಂದುಕೊಂಡು ನಾನೇ ಅವನ್ನು ಅಳಿಸಿದೆ. ಇಮೇಲಿನಲ್ಲಿ ಹೋದ ಫೋಟೋದಲ್ಲಂತೂ ಟ್ಯಾಗ್ ಇರಲೇ ಇಲ್ಲ. ಮ್ಯಾಕ್ ಬಿಟ್ಟು ಆಚೆ ಹೋಗದವರಿಗೆ ಇದಕ್ಕಿಂತ ಹಿತವಾದದ್ದು ಬೇರೆ ಇಲ್ಲ, ನನಗೆ ಆಗಲಿಲ್ಲ. ಲಿನಕ್ಸ್‌ನಲ್ಲಿ ಫೈಲುಗಳನ್ನು ನೋಡುವ ಡಾಲ್ಫಿನ್‌ನಲ್ಲೂ ಟ್ಯಾಗ್ ಇದೆ. ಅದೂ ಹೀಗೇ, ಜಾಸ್ತಿ ಹೇಳುವುದಕ್ಕೇನಿಲ್ಲ.

ಇನ್ನು ಎಕ್ಸಿಫ್‌ಟೂಲ್. ಫಿಲ್ ಹಾರ್ವೆ ಎಂಬವರು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಉಚಿತ ಸಾಧನ, 2003ರಿಂದ ಇದೆ. ಕಿಟಕಿ ಇಲ್ಲ, ಗುಂಡಿ ಇಲ್ಲ, ಬರೀ ಕಮಾಂಡ್. ಮೊದಲ ದಿನ ಹೆದರಿಕೆಯಾಯಿತು. ಜಾತ್ರೆಯ ಫೋಟೋಗಳನ್ನು ಇದರಲ್ಲಿ ಸರಿಮಾಡಿದೆ. ಅದೇ ಹೊತ್ತಿಗೆ ಫೋನಿನಲ್ಲಿ ತೆಗೆದ ಒಂದು ಫೋಟೋ ಇತ್ತು, ಅದರ ಗಡಿಯಾರ ಸರಿಯಿತ್ತು. ಎರಡರ ನಡುವಿನ ವ್ಯತ್ಯಾಸ ಲೆಕ್ಕ ಹಾಕಿ, ಆಲ್‌ಡೇಟ್ಸ್‌ಗೆ, ಅಂದರೆ ಫೋಟೋದೊಳಗಿನ ಮುಖ್ಯ ತಾರೀಕುಗಳಿಗೆಲ್ಲ, ಅಷ್ಟು ಕೂಡಿಸು ಅಂದೆ. ಇನ್ನೂರ ಹನ್ನೆರಡು ಫೋಟೋ, ಒಂದೇ ಸಾಲು. ತೇರಿನ ಫೋಟೋ ಮೊದಲು, ಮಂಡಕ್ಕಿ ತಿಂದದ್ದು ಆಮೇಲೆ, ಕ್ರಮ ಚೂರೂ ತಪ್ಪಲಿಲ್ಲ. ಕೇಳದೇ ಹಳೆಯ ಫೈಲಿನ ಒಂದು ಪ್ರತಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬುತ್ತದೆ ಅಂತ ಗೊಣಗಿದೆ, ಆದರೆ ಒಮ್ಮೆ ಕೂಡಿಸುವ ಬದಲು ಕಳೆದಾಗ ಅದೇ ಕಾಪಾಡಿತು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗಳಲ್ಲಿ ಕ್ಯಾಮೆರಾ ಬರೆದ ತಾರೀಕು ಇರುವುದಿಲ್ಲ. ಆದರೆ ಹೆಸರಿನಲ್ಲೇ ಇರುತ್ತದೆ, ಐಎಂಜಿ-20190514-ಡಬ್ಲ್ಯೂಎ0007 ಅನ್ನುವ ಹಾಗೆ. ಅದು ಫೋಟೋ ತೆಗೆದ ದಿನವಲ್ಲ, ನಮ್ಮ ಫೋನಿಗೆ ಬಂದ ದಿನ. ಏನೂ ಇಲ್ಲದ್ದಕ್ಕಿಂತ ವಾಸಿ. ಹೆಸರಿನಿಂದ ತಾರೀಕು ಎತ್ತಿಕೋ ಅಂತ ಎಕ್ಸಿಫ್‌ಟೂಲ್‌ಗೆ ಹೇಳಬಹುದು. ಮೊದಲ ಹನ್ನೆರಡು ಅಕ್ಷರ ಮಾತ್ರ ನೋಡು ಅಂತಲೂ ಹೇಳಿ. ಇಲ್ಲದಿದ್ದರೆ ಕೊನೆಯ 0007 ಅನ್ನು ಅದು ಗಂಟೆ, ನಿಮಿಷ ಅಂದುಕೊಳ್ಳುತ್ತದೆ.

ಕನ್ನಡದಲ್ಲಿ ಮಾತ್ರ ಕೈಕೊಟ್ಟಿತು. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಶಿರಸಿ ಜಾತ್ರೆ' ಅಂತ ಟ್ಯಾಗ್ ಕೊಟ್ಟರೆ ಫೈಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕೂತಿತ್ತು. ಕಮಾಂಡ್ ಪ್ರಾಂಪ್ಟ್ ಮಾಮೂಲಾಗಿ ಬಳಸುವ ಹಳೆಯ ಕೋಡ್‌ಪೇಜ್‌ಗಳಲ್ಲಿ, ಅಂದರೆ ಅಕ್ಷರಗಳ ಪಟ್ಟಿಗಳಲ್ಲಿ, ಕನ್ನಡಕ್ಕೆ ಜಾಗವಿಲ್ಲ, ನಮಗೆ ಯೂನಿಕೋಡೇ ಬೇಕು. ಆ ಸಾಲನ್ನು ಯೂನಿಕೋಡ್‌ನದೇ ಯುಟಿಎಫ್-8 ರೂಪದ ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟು, ಅದನ್ನು ಓದಿಕೋ ಅಂದಾಗ ಸರಿಹೋಯಿತು. ಲಿನಕ್ಸ್‌ನಲ್ಲಿ ಈ ರಗಳೆ ಇಲ್ಲ. ಪಿಎನ್‌ಜಿಗೂ ಬರೆಯಿತು, ಎರಡೂ ದಾರಿಯಲ್ಲಿ ಟ್ಯಾಗ್ ಸುರಕ್ಷಿತವಾಗಿ ತಲುಪಿತು. ಹಳೇ ಸ್ಕೂಟರ್ ಮಾರಲು ಫೋಟೋ ಹಾಕುವಾಗ ಮನೆಯ ಜಿಪಿಎಸ್ ಜಾಗ ಅಳಿಸುವುದಕ್ಕೂ ಇದನ್ನೇ ಬಳಸುತ್ತೇನೆ. ಎಕ್ಸ್‌ಪ್ಲೋರರ್‌ನಲ್ಲೂ ವೈಯಕ್ತಿಕ ಮಾಹಿತಿ ತೆಗೆದು ಬೇರೆ ಪ್ರತಿ ಮಾಡುವ ಸೌಲಭ್ಯ ಇದೆ, ಒಂದೆರಡು ಫೋಟೋಗೆ ಅದೇ ಸಾಕು.

ಡಿಜಿಕ್ಯಾಮ್‌ನಲ್ಲಿ ಎಡವಟ್ಟು ನನ್ನದೇ. ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಉಚಿತ ಫೋಟೋ ತಂತ್ರಾಂಶ ಇದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎರಡು ಸಂಜೆ ಕೂತು ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು ಅಂತ ಟ್ಯಾಗ್ ಹಾಕಿದೆ. ಪರೀಕ್ಷೆಗೆ ಒಂದು ಫೋಟೋ ಕಳಿಸಿದರೆ ಅದರಲ್ಲಿ ಏನೂ ಇಲ್ಲ! ನಾನು ಬರೆದದ್ದೆಲ್ಲ ಅದರ ಡೇಟಾಬೇಸಿನಲ್ಲಿ ಮಾತ್ರ ಇತ್ತು. ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟದಲ್ಲಿ ಫೈಲಿಗೂ ಬರೆಯಬೇಕು ಅನ್ನುವ ಟಿಕ್‌ಗಳಿವೆ, ನಾನು ನೋಡಿರಲಿಲ್ಲ. ಟಿಕ್ ಹಾಕಿ, ಡೇಟಾಬೇಸಿನಿಂದ ಫೈಲುಗಳಿಗೆ ಬರೆ ಅಂದ ಮೇಲೆ ಎಲ್ಲ ಇಳಿಯಿತು. ಅಲ್ಲಿಂದಾಚೆ ಇದು ನನ್ನ ಮೆಚ್ಚಿನದು. ಟ್ಯಾಗಿನೊಳಗೆ ಟ್ಯಾಗ್ ಇಡಬಹುದು, ಮುಖ ಗುರುತಿಸುತ್ತದೆ, ಕನ್ನಡಕ್ಕೆ ತಕರಾರಿಲ್ಲ. ಸಮಯ ಸರಿಪಡಿಸುವಲ್ಲಿ ಒಂದು ಮುದ್ದಾದ ಉಪಾಯ ಇದೆ. ಗಡಿಯಾರ ಕಾಣುವ ಒಂದು ಫೋಟೋ ತೋರಿಸಿ, ಅದರಲ್ಲಿ ಕಂಡ ಹೊತ್ತು ಹೇಳಿದರೆ ವ್ಯತ್ಯಾಸವನ್ನು ಅದೇ ಲೆಕ್ಕ ಹಾಕುತ್ತದೆ. ನಾನು ಕಾಗದ ಪೆನ್ನು ಹಿಡಿದು ಲೆಕ್ಕ ಮಾಡಿದ ಮೇಲೆ ಇದು ಕಣ್ಣಿಗೆ ಬಿತ್ತು. ಭಾರ ಸ್ವಲ್ಪ ಜಾಸ್ತಿ, ಹಳೇ ಲ್ಯಾಪ್‌ಟಾಪಿನಲ್ಲಿ ಆರು ಸಾವಿರ ಫೋಟೋ ಓದುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಈಗ ನಾನು ಮಾಡುವುದು ಹೀಗೆ. ಹತ್ತಿಪ್ಪತ್ತು ಜೇಪೆಗ್ ಇದ್ದರೆ ಎಕ್ಸ್‌ಪ್ಲೋರರ್. ತಾರೀಕು ಸಾಮೂಹಿಕವಾಗಿ ತಳ್ಳಬೇಕಾದರೆ, ಹೆಸರಿನಿಂದ ಎತ್ತಬೇಕಾದರೆ ಎಕ್ಸಿಫ್‌ಟೂಲ್. ಜನರ ಹೆಸರು, ಊರು ಎಲ್ಲ ಡಿಜಿಕ್ಯಾಮ್. ಸೃಷ್ಟಿಯಾದ ದಿನದ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ, ಫೋಟೋ ತೆಗೆದ ದಿನದ ಮೇಲೆ ಜೋಡಿಸುತ್ತೇನೆ.

ಅಪ್ಪನ ಆಲ್ಬಮ್ಮಿನ ಕೆಲಸ ಇನ್ನೂ ಮುಗಿದಿಲ್ಲ. ಅವರು ಬರೀ '1978 ಮೇ' ಅಂತ ಬರೆದಿರುತ್ತಾರೆ. ಎಕ್ಸ್‌ಎಂಪಿಯಲ್ಲಿ ವರ್ಷ, ತಿಂಗಳು ಮಾತ್ರ ಬರೆದರೂ ನಡೆಯುತ್ತದೆ. ಆದರೆ ಫೋಟೋ ತೋರಿಸುವ ತಂತ್ರಾಂಶಗಳು ಜೋಡಿಸಲು ಪೂರ್ತಿ ದಿನ ಬೇಕು. ಹಾಗಾಗಿ ತಿಂಗಳ ಒಂದನೇ ತಾರೀಕು ಕೊಟ್ಟು 'ಅಂದಾಜು' ಅಂತ ಒಂದು ಟ್ಯಾಗ್ ಹಾಕುತ್ತಿದ್ದೇನೆ. ಜೋಗ ಜಲಪಾತದ ಮುಂದೆ ಅಪ್ಪ ಅಮ್ಮ ಇಬ್ಬರೂ ನಿಂತ ಫೋಟೋದ ಬೆನ್ನಿಗೆ 1978 ಅಂತ ಇದೆ. ಅಮ್ಮ ಕೇಳಲು ತಯಾರಿಲ್ಲ, ಅದು 1977, ಆ ಸೀರೆ ತನಗೆ ಗೊತ್ತು ಅನ್ನುತ್ತಾರೆ. ತೆಗೆದ ದಿನದ ಜಾಗದಲ್ಲಿ ಅಪ್ಪನ ವರ್ಷ ಹಾಕಿ, ವಿವರಣೆಯ ಜಾಗದಲ್ಲಿ ಅಮ್ಮನ ಆಕ್ಷೇಪಣೆ ಬರೆದಿದ್ದೇನೆ.