ಸಮುದ್ರದಡಿಯ ಪಿಂಗರ್: ನಾಲ್ಕು ವರ್ಷ ಬಳಸಿದ ಮೇಲೆ

ಕಾರವಾರದಾಚೆ 20 ಮೀಟರ್ ಆಳದಲ್ಲಿ ನಮ್ಮದೊಂದು ಕರೆಂಟ್ ಮೀಟರ್ ಕೂರುತ್ತದೆ. ನೀರು ಎತ್ತ ಹರಿಯುತ್ತಿದೆ, ಎಷ್ಟು ವೇಗ ಅಂತ ದಾಖಲಿಸುವುದು ಅದರ ಕೆಲಸ. ದೀಪಾವಳಿ ಕಳೆದ ಮೇಲೆ ಇಳಿಸಿ, ಶಿವರಾತ್ರಿ ಹೊತ್ತಿಗೆ ಎತ್ತುತ್ತೇವೆ. ಹುಡುಕೋಕೆ ಅನುಕೂಲ ಅಂತ ಅದರ ಚೌಕಟ್ಟಿಗೆ ಟಾರ್ಚ್ ಗಾತ್ರದ ಪಿಂಗರ್, ಅಂದರೆ ಬಿಟ್ಟುಬಿಟ್ಟು ಸದ್ದು ಮಾಡುತ್ತಲೇ ಇರುವ ಸಾಧನ, ಕಟ್ಟಿರುತ್ತೇವೆ.

ಜಿಪಿಎಸ್ ಇದೆಯಲ್ಲ ಅನ್ನಬಹುದು. ಅದು ನಾವು ಇಳಿಸಿದ ಜಾಗ ಹೇಳುತ್ತದೆ, ಸಾಧನ ಈಗ ಎಲ್ಲಿದೆ ಅಂತಲ್ಲ. ಜಿಪಿಎಸ್ ನಡೆಯುವುದು ರೇಡಿಯೋ ಅಲೆಯಲ್ಲಿ, ಅದು ಉಪ್ಪುನೀರಿನಲ್ಲಿ ಬೇಗ ಸತ್ತುಹೋಗುತ್ತದೆ. ಶಬ್ದ ಹಾಗಲ್ಲ, ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ನಮ್ಮ ಪಿಂಗರ್ ಕೂಗುವುದು 37.5 ಕಿಲೋಹರ್ಟ್ಸ್‌ನಲ್ಲಿ, ವಿಮಾನದ ಬ್ಲ್ಯಾಕ್ ಬಾಕ್ಸ್ ಪಿಂಗರಿನ ಹಾಗೆ. ಬರೀ ಕಿವಿಗೆ ಕೇಳಿಸಲ್ಲ. ಕೋಲಿನ ತುದಿಯ ಹೈಡ್ರೋಫೋನ್ (ನೀರೊಳಗಿನ ಮೈಕ್) ಹಿಡಿದ ಸದ್ದನ್ನು ರಿಸೀವರ್ ಕಿವಿಗೆ ಕೇಳುವ ಶ್ರುತಿಗೆ ಇಳಿಸಿ ಹೆಡ್‌ಫೋನಿಗೆ ಕೊಡುತ್ತದೆ.

ದೋಣಿಯ ಎಂಜಿನ್ ನಿಲ್ಲಿಸಿದ ಮೇಲೇ ಕೆಲಸ ಶುರು. ಮೊದಲು ಕೇಳುವುದು ಚಟಚಟ ಸದ್ದು, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಅದು ಕೊಂಡಿ ಬಡಿಯುವ ಒಂದು ಜಾತಿಯ ಸಿಗಡಿ! ಅದರ ನಡುವೆ ಸಣ್ಣಗೆ, ಲೆಕ್ಕ ತಪ್ಪದೆ, ಟಿಕ್... ಟಿಕ್. ಕೋಲು ನಿಧಾನ ತಿರುಗಿಸಿ, ಜಾಸ್ತಿ ಕೇಳುವ ದಿಕ್ಕು ಬರೆದುಕೊಳ್ಳಿ. ದೋಣಿ ಸರಿಸಿ ಮತ್ತೊಂದು ದಿಕ್ಕು ಹಿಡಿಯಿರಿ. ಎರಡು ಗೆರೆ ಸೇರಿದಲ್ಲಿ ಮುಳುಗುಗಾರ ಇಳಿಯಬಹುದು. ಹತ್ತಿರ ಹೋದಂತೆ ರಿಸೀವರಿನ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಇಳಿಸಲೇಬೇಕು, ಇಲ್ಲದಿದ್ದರೆ ಎಲ್ಲ ಕಡೆಯಿಂದಲೂ ಒಂದೇ ಜೋರು ಕೇಳುತ್ತದೆ. ಮೊದಲ ವರ್ಷ ಇದು ಗೊತ್ತಾಗದೆ ಅರ್ಧ ದಿನ ಸುಮ್ನೆ ಸುತ್ತಿದ್ದೆವು.

ಎರಡನೇ ವರ್ಷ ಸದ್ದೇ ಇರಲಿಲ್ಲ. ಹಳೇ ಜಾಗದಲ್ಲೇ ತಡಕಾಡಿ ಎತ್ತಿ ನೋಡಿದರೆ ಪಿಂಗರ್ ಒಳಗೆಲ್ಲ ನೀರು. ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ಉಂಗುರ, ಓ-ರಿಂಗ್ ಮೇಲೆ ಒಂದು ಮರಳಿನ ಕಣ ಕೂತಿತ್ತು. ತಪ್ಪು ನಮ್ಮದೇ, ಪಿಂಗರಿನದ್ದಲ್ಲ. ಈಗ ಪ್ರತಿ ಸಲ ಹೊಸ ರಿಂಗ್, ಹೊಸ ಬ್ಯಾಟರಿ, ಇಳಿಸುವ ಮುಂಚೆ ಬಕೆಟ್ ನೀರಿನಲ್ಲಿ ಮುಳುಗಿಸಿ ಒಂದು ಪರೀಕ್ಷೆ. ಕಪ್ಪೆಚಿಪ್ಪು ಅಂಟಿಕೊಂಡರೆ ಕೂಗು ಮಂದವಾಗುತ್ತದೆ, ಅದಕ್ಕಿನ್ನೂ ಒಳ್ಳೇ ಉಪಾಯ ಸಿಕ್ಕಿಲ್ಲ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.

ಇದರ ಬೆಲೆ ತಿಳಿದಿದ್ದು ಕಳೆದ ವರ್ಷ. ಇಳಿಸಿದ ಜಾಗದಲ್ಲಿ ಏನೂ ಕೇಳಲಿಲ್ಲ. "ಟ್ರಾಲ್ ಬಲೆ ಎಳ್ಕೊಂಡು ಹೋಗಿರ್ಬೇಕು ಸರ್, ತೆಂಕಣಕ್ಕೆ ನೋಡುವ" ಅಂದರು ದೋಣಿ ನಡೆಸುವ ತಾಂಡೇಲರು. ಎರಡು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೋಲು ಇಳಿಸಿದೆವು. ಸಿಗಡಿಗಳ ಚಟಚಟದ ಹಿಂದೆ ಟಿಕ್ ಟಿಕ್ ಇತ್ತು. ಚೌಕಟ್ಟು ಸೊಟ್ಟಗಾಗಿತ್ತು, ದಾಖಲೆ ಪೂರ್ತಿ ಸಿಕ್ಕಿತು.