ಮಂಗಳನ ಕೊರಕಲು ನೋಡೋಕೆ ಯಾವುದು ಒಳ್ಳೆಯದು?

ಮಂಗಳ ಗ್ರಹದ ಇಳಿಜಾರುಗಳಲ್ಲಿರುವ ಕೊರಕಲುಗಳನ್ನು ಮನೆಯಲ್ಲೇ ಕೂತು ನೋಡೋಕೆ ಗೂಗಲ್ ಅರ್ಥ್ ಪ್ರೊ, ಜೆಮಾರ್ಸ್, ಹೈರೈಸ್ ಅಂತ ಮೂರು ದಾರಿಗಳಿವೆ. ಮೂರೂ ಪುಕ್ಕಟೆ. ಚಿತ್ರದುರ್ಗದ ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಮೂರನ್ನೂ ಬಳಸಿದ್ದೇನೆ. ಅಲ್ಲಿ ನೀರು ಹರಿದಿತ್ತಾ ಅನ್ನೋದೇ ನಿಮ್ಮ ಪ್ರಶ್ನೆಯಾದರೆ ಹೈರೈಸ್ ಹಿಡಿಯಿರಿ.

ಗೂಗಲ್ ಅರ್ಥ್ ಪ್ರೊ ಶುರು ಮಾಡೋಕೆ ಸುಲಭ. ಗ್ರಹದ ಗುರುತು ಒತ್ತಿ ಮಂಗಳ ಆರಿಸಿದರೆ ಸಾಕು, ಕುಳಿಯ ಗೋಡೆವರೆಗೂ ಇಳಿಯಬಹುದು. ಮಕ್ಕಳಿಗೆ ತೋರಿಸೋಕೆ ಇದೇ ಸರಿ. ಆದರೆ ಸ್ಪಷ್ಟ ಚಿತ್ರ ಅಲ್ಲೊಂದು ಇಲ್ಲೊಂದು ತುಂಡು ಮಾತ್ರ.

ಜೆಮಾರ್ಸ್ ಅನ್ನೋದು ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ನಕ್ಷೆ ತಂತ್ರಾಂಶ. ಬೇರೆ ಬೇರೆ ಕ್ಯಾಮೆರಾಗಳ ಚಿತ್ರಗಳನ್ನು ಒಂದರ ಮೇಲೊಂದು ಹಾಸಬಹುದು, ಗೆರೆ ಎಳೆದರೆ ಎತ್ತರ ತಗ್ಗು ಸಿಗುತ್ತದೆ. ನನಗೆ ಬಹಳ ಇಷ್ಟವಾಗಿದ್ದು ಇದೇ. ತೊಡಕೂ ಇಲ್ಲೇ ಇದೆ. ಅದರಲ್ಲಿರುವ ಮೋಲಾ (ನೌಕೆಯಿಂದ ಲೇಸರ್ ಬಿಟ್ಟು ಎತ್ತರ ಅಳೆದ ಉಪಕರಣ) ನಕ್ಷೆಯಲ್ಲಿ ಒಂದೊಂದು ಚುಕ್ಕಿ ಸುಮಾರು 460 ಮೀಟರ್ ಅಗಲದ ಜಾಗ. ಕುಳಿಯ ಗೋಡೆ ಎಷ್ಟು ಎತ್ತರ ಅಂತ ತಿಳಿಯುತ್ತದೆ, ಒಂದು ಕೊರಕಲಿನ ಇಳಿಜಾರು ತಿಳಿಯಲ್ಲ. ಜೊತೆಗೆ ಹಳೇ ಯಂತ್ರದಲ್ಲಿ ತುಂಬಾ ನಿಧಾನ.

ಹೈರೈಸ್ ಅನ್ನೋದು 2006ರಿಂದ ಮಂಗಳನನ್ನು ಸುತ್ತುತ್ತಿರುವ ನಾಸಾದ ಎಂಆರ್‌ಒ ನೌಕೆಯ ಕ್ಯಾಮೆರಾ; ಅದರ ಚಿತ್ರಗಳನ್ನು ಹೈರೈಸ್ ಜಾಲತಾಣದಲ್ಲಿ ನೋಡಬಹುದು. ಒಂದು ಪಿಕ್ಸೆಲ್‌ಗೆ 25ರಿಂದ 30 ಸೆಂಟಿಮೀಟರ್. ಅದಕ್ಕಿಂತ ಮುಖ್ಯವಾಗಿ, ಒಂದೇ ಇಳಿಜಾರಿನ ಚಿತ್ರ ಬೇರೆ ಬೇರೆ ಋತುಗಳಲ್ಲಿ ಸಿಗುತ್ತದೆ.

ಋತು ಯಾಕೆ ಬೇಕು ಅಂತೀರಾ? ಮಳೆ ನಿಂತ ಮೇಲೆ ಜೋಗಿಮಟ್ಟಿ ಕಡೆಯ ಮಣ್ಣಿನ ಇಳಿಜಾರು ನೋಡಿ. ಮೇಲೆ ಬಟ್ಟಲಿನಂಥ ತಗ್ಗು, ನಡುವೆ ಕಾಲುವೆ, ಕೆಳಗೆ ಹರಡಿದ ಮಣ್ಣು. 2000ದಲ್ಲಿ ಮಾಲಿನ್ ಮತ್ತು ಎಜೆಟ್ ಅನ್ನೋ ವಿಜ್ಞಾನಿಗಳು ಮಂಗಳನಲ್ಲೂ ಇದೇ ಆಕಾರ ತೋರಿಸಿದಾಗ ನೀರಿನ ನೆನಪು ಬಂದಿದ್ದು ಸಹಜ ಅಲ್ವಾ? ಆದರೆ ಅದೇ ಜಾಗಗಳನ್ನು ಮತ್ತೆ ಮತ್ತೆ ತೆಗೆದ ಹೈರೈಸ್ ಚಿತ್ರಗಳಲ್ಲಿ ಹೊಸ ಬದಲಾವಣೆಗಳು ಕಂಡಿದ್ದು ಹೆಚ್ಚಾಗಿ ಚಳಿಗಾಲದ ಸುತ್ತಮುತ್ತ, ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟಿ ಕೂತಿರುವಾಗ. ಆ ಚಳಿಯಲ್ಲಿ ನೀರು ಹರಿಯೋದು ಸಾಧ್ಯವಿಲ್ಲ. ಈಗ ನಡೆಯೋ ಕೆಲಸ ಆ ಒಣ ಹಿಮದ್ದು ಅನ್ನೋ ವಾದಕ್ಕೆ ಬಲ ಬಂದಿದ್ದೇ ಇದರಿಂದ. ಗ್ರಹದ ಅಕ್ಷ ಜಾಸ್ತಿ ವಾಲಿದ್ದ ಕಾಲದಲ್ಲಿ ಮಂಜು ಕರಗಿ ನೀರು ಹರಿದಿತ್ತೇ ಅನ್ನೋ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ರಸೆಲ್ ಕುಳಿಯ ದೊಡ್ಡ ಮರಳ ದಿಬ್ಬವನ್ನು ತಪ್ಪದೇ ನೋಡಿ. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು. ಕೊನೆಯಲ್ಲಿ ಮಣ್ಣಿನ ರಾಶಿ ಇರಲ್ಲ, ಒಂದು ಗುಂಡಿ ಇರುತ್ತದೆ. ಒಣ ಹಿಮದ ಗಟ್ಟಿ ಜಾರಿ ಬಂದು, ಅಲ್ಲೇ ಆವಿಯಾಗಿ ಹೋದ ಗುರುತು ಅಂತ ವಿಜ್ಞಾನಿಗಳ ವಿವರಣೆ. ಈ ಗುಂಡಿಗಳನ್ನು ಹತ್ತಿರದಿಂದ ನೋಡಿದಾಗ ನನಗೆ ಮೈ ಜುಮ್ ಅಂದಿತು.

ಹೈರೈಸ್‌ನಲ್ಲಿ ಕಷ್ಟ ಇಲ್ಲ ಅಂತಲ್ಲ. ಪೂರ್ತಿ ಚಿತ್ರ ನೂರಾರು ಎಂಬಿ. ಮೊಬೈಲ್ ಡೇಟಾದಲ್ಲಿ ಇಳಿಸೋಕೆ ಹೋಗಬೇಡಿ, ಮೊದಲು ಚಿಕ್ಕ ಪ್ರತಿ ನೋಡಿ. ಇನ್ನೊಂದು ಎಚ್ಚರ: ಜಾಲತಾಣದಲ್ಲಿ ಪ್ರತಿ ಚಿತ್ರದ ಪುಟದಲ್ಲಿ ಬರೆದಿರೋದು ಮಂಗಳನ ಉತ್ತರಾರ್ಧದ ಋತು. ಕೊರಕಲುಗಳು ಜಾಸ್ತಿ ಇರೋದು ದಕ್ಷಿಣದಲ್ಲಿ. ಹಾಗಾಗಿ ಉತ್ತರದ ಬೇಸಿಗೆ ಅಂತ ಇದ್ದರೆ ನೀವು ನೋಡುತ್ತಿರೋದು ಚಳಿಗಾಲದ ಚಿತ್ರ.